ಫಿಟ್‌ನೆಸ್ ಬ್ಯಾಚಿನಿಂದ ಮೊದಲ ಬೌಟ್‌ವರೆಗೆ: ಬೆಂಗಳೂರಿನ ಒಂದು ಬಾಕ್ಸಿಂಗ್ ಕ್ಲಬ್ಬಿನ ವಿಮರ್ಶೆ

ಬೆಂಗಳೂರಿನಲ್ಲಿ ಬಾಕ್ಸಿಂಗ್ ಕಲಿಸುತ್ತೇವೆಂದು ಫಲಕ ಹಾಕಿಕೊಂಡ ಜಾಗಗಳಿಗೆ ಈಗ ಕೊರತೆಯಿಲ್ಲ. ಅವುಗಳಲ್ಲಿ ಹೆಚ್ಚಿನವು ನಡೆಯುವುದು ಮೈ ಇಳಿಸಲು ಬರುವವರಿಂದ. ಜೋರಾದ ಹಾಡು, ಸಾಲಾಗಿ ತೂಗುವ ಬ್ಯಾಗುಗಳು, ಒಂದು ಗಂಟೆಯ ಬೆವರು, ಅಷ್ಟಕ್ಕೇ ಲೆಕ್ಕ ಮುಗಿಯುತ್ತದೆ. ಅದು ಬೇಕಾದವರಿಗೆ ಅದು ಒಳ್ಳೆಯದೇ. ಆದರೆ ಅಂಥ ಕಡೆ ಬಹಳ ಕಾಲ ಬ್ಯಾಗ್ ಹೊಡೆದವರೊಬ್ಬರು ಅಮೆಚೂರ್, ಎಂದರೆ ವೃತ್ತಿಪರವಲ್ಲದ, ಪಂದ್ಯವೊಂದರಲ್ಲಿ ನಿಜವಾದ ಎದುರಾಳಿಯ ಮುಂದೆ ನಿಲ್ಲಬೇಕೆಂದು ಬಯಸಿದರೆ, ಅವರನ್ನು ಹಂತಹಂತವಾಗಿ ಅಲ್ಲಿಗೆ ತಲುಪಿಸುವ ಏರ್ಪಾಡು ಇರುವ ಕ್ಲಬ್ಬುಗಳು ನಾನು ವಿಚಾರಿಸಿದ ಮಟ್ಟಿಗೆ ಕೆಲವೇ. ದಕ್ಷಿಣ ಬೆಂಗಳೂರಿನ ಅಂಥದೊಂದು ಕ್ಲಬ್ಬಿನಲ್ಲಿ ಬೆಳಗಿನ ಫಿಟ್‌ನೆಸ್ ಬ್ಯಾಚಿಗೆ ಸೇರಿ, ನಂತರ ಅಲ್ಲಿನ ಸ್ಪರ್ಧಾ ತಂಡಕ್ಕೆ ದಾಟಿ, ಒಂದು ಮುಕ್ತ ಪಂದ್ಯಾವಳಿಯಲ್ಲಿ ಬೌಟ್, ಎಂದರೆ ಒಬ್ಬ ಎದುರಾಳಿಯೊಂದಿಗಿನ ಪಂದ್ಯ, ಆಡಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕ್ಲಬ್ಬಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮುಂದೆ ಹೇಳಲಿರುವ ದೂರುಗಳು ಇದೊಂದೇ ಕ್ಲಬ್ಬಿನವಲ್ಲ, ಒಬ್ಬಿಬ್ಬರು ಕೋಚ್‌ಗಳು ಸ್ವಂತ ಖರ್ಚಿನಲ್ಲಿ ನಡೆಸುವ ಬೇರೆ ಕ್ಲಬ್ಬುಗಳ ಸದಸ್ಯರಿಂದಲೂ ಅವನ್ನು ಕೇಳಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ರಿಂಗಿನ ಒಳಗೆ ನಡೆಯುವ ಕೆಲಸದಲ್ಲಿ, ಅದರಲ್ಲೂ ಹೊಸಬರನ್ನು ಅವಸರವಿಲ್ಲದೆ ಸ್ಪಾರಿಂಗ್‌ಗೆ (ಜೊತೆಗಾರರೊಂದಿಗೆ ಅಭ್ಯಾಸದ ಕಾದಾಟಕ್ಕೆ) ಒಗ್ಗಿಸುವುದರಲ್ಲಿ, ಈ ಕ್ಲಬ್ ಕೊಟ್ಟ ಹಣಕ್ಕಿಂತ ಹೆಚ್ಚನ್ನು ಕೊಡುತ್ತದೆ. ರಿಂಗಿನ ಹೊರಗಿನ ಕೆಲಸದಲ್ಲಿ, ಎಂದರೆ ತೂಕದ ನಿರ್ವಹಣೆ, ನೋಂದಣಿ, ಮಾಹಿತಿ ಇವುಗಳಲ್ಲಿ, ಅದು ಸದಸ್ಯರನ್ನು ಅವರವರ ಪಾಡಿಗೆ ಬಿಡುತ್ತದೆ.

ಜಾಗದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮೊದಲ ಮಹಡಿಯ ಉದ್ದನೆಯ ಹಾಲ್, ಒಂದು ಬದಿಗೆ ಎಂಟು ಬ್ಯಾಗ್, ಇನ್ನೊಂದು ಬದಿಗೆ ಕನ್ನಡಿ, ತುದಿಯಲ್ಲಿ ನೆಲಮಟ್ಟದ ರಿಂಗ್. ಹವಾನಿಯಂತ್ರಣವಿಲ್ಲ, ಏಪ್ರಿಲ್‌ನಲ್ಲಿ ಒಳಗೆ ನಿಲ್ಲುವುದೇ ಒಂದು ವ್ಯಾಯಾಮ. ಮಹಿಳೆಯರಿಗೆ ಬಟ್ಟೆ ಬದಲಿಸುವ ಕೋಣೆ ಇದೆ, ಸ್ವಚ್ಛವಾಗಿಯೂ ಇದೆ; ಆದರೆ ಅದರ ಚಿಲಕ ನಾನು ಸೇರಿದಾಗಿನಿಂದಲೂ ಸಡಿಲವಾಗಿದೆ. ರಿಂಗಿನ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಲೇಬೇಕು. ಅಂತರರಾಷ್ಟ್ರೀಯ ಅಮೆಚೂರ್ ನಿಯಮದಲ್ಲಿ ಹಗ್ಗಗಳ ಒಳಗಿನ ರಿಂಗ್ ಒಂದೊಂದು ಬದಿಗೂ 6.10 ಮೀಟರ್, ಅಂದರೆ 20 ಅಡಿ ಇರುತ್ತದೆ. ಇಲ್ಲಿನದು ಅದಕ್ಕಿಂತ ಎದ್ದುಕಾಣುವಷ್ಟು ಚಿಕ್ಕದು. ಚಿಕ್ಕ ರಿಂಗಿನಲ್ಲಿ ಕಲಿತವರು ಹತ್ತಿರ ನಿಂತು ಹೊಡೆಯುವುದನ್ನೂ ಗಾರ್ಡ್, ಎಂದರೆ ಮುಖ ಕಾಯುವ ಕೈಗಳನ್ನು, ಕೆಳಗೆ ಬಿಡದಿರುವುದನ್ನೂ ಬೇಗ ಕಲಿಯುತ್ತಾರೆ, ನಿಜ. ಆದರೆ ದೊಡ್ಡ ರಿಂಗಿಗೆ ಹೋದಾಗ ಹಿಂದೆ ಸರಿಯುವ ಎದುರಾಳಿಯ ದಾರಿ ಕತ್ತರಿಸಿ ಅವರನ್ನು ಮೂಲೆಗೆ ತರುವುದು ಹೇಗೆಂದು ತೋಚದೆ, ಬರಿದೇ ಬೆನ್ನಟ್ಟುತ್ತಾ ಉಸಿರು ಕಳೆದುಕೊಳ್ಳುತ್ತಾರೆ. ಕ್ಲಬ್ಬಿನ ಕೋಚ್‌ಗೆ ಇದು ಗೊತ್ತಿದೆ. ಪಂದ್ಯ ಹತ್ತಿರವಾದಾಗ ಭಾನುವಾರಗಳಂದು ಪೂರ್ಣ ಅಳತೆಯ ರಿಂಗ್ ಇರುವ ಬೇರೊಂದು ಕ್ಲಬ್ಬಿಗೆ ತಂಡವನ್ನು ಕರೆದೊಯ್ಯುತ್ತಾರೆ.

ಫಿಟ್‌ನೆಸ್ ಬ್ಯಾಚಿನಲ್ಲಿ ಕಲಿಸುವುದು ಎಲ್ಲ ಕಡೆಯಂತೆಯೇ: ಸ್ಕಿಪ್ಪಿಂಗ್, ಶ್ಯಾಡೋ (ಗಾಳಿಯಲ್ಲಿ ಹೊಡೆಯುವ ಅಭ್ಯಾಸ), ಬ್ಯಾಗ್, ವಾರಕ್ಕೊಮ್ಮೆ ಕೋಚ್ ಕೈಯಲ್ಲಿ ಹಿಡಿದ ಪ್ಯಾಡ್. ವ್ಯತ್ಯಾಸ ಇರುವುದು ಕಾಲಿನ ಕೆಲಸದಲ್ಲಿ. ಮೊದಲ ಕೆಲವು ವಾರ ಜಾಬ್ (ಮುಂದಿನ ಕೈಯ ನೇರ ಹೊಡೆತ) ಬಿಟ್ಟರೆ ಬೇರೇನನ್ನೂ ಹೊಡೆಯಲು ಬಿಡುವುದಿಲ್ಲ. ಮುಂಗಾಲು, ಹಿಂಗಾಲು ಒಂದನ್ನೊಂದು ದಾಟದಂತೆ ನೆಲದ ಟೇಪಿನ ಗುರುತಿನ ಮೇಲೆ ಹಿಂದೆ ಮುಂದೆ ಸರಿಯಬೇಕು. ತೂಕ ಇಳಿಸಲು ಬಂದವರಲ್ಲಿ ಅರ್ಧದಷ್ಟು ಜನ ಈ ಹಂತದಲ್ಲೇ ಬೇಸತ್ತು ಹೋಗುತ್ತಾರೆ. ಅವರ ಬೇಸರ ಸಹಜವೇ ಆದರೂ, ಮುಂದೆ ಸ್ಪರ್ಧೆಗೆ ಹೋಗುವ ಯೋಚನೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು.

ಸ್ಪರ್ಧಾ ತಂಡಕ್ಕೆ ಸೇರಲು ಅರ್ಜಿಯಿಲ್ಲ, ಪರೀಕ್ಷೆಯಿಲ್ಲ. ಬಾಯಿಬಿಟ್ಟು ಕೇಳಿದರೆ ಕೋಚ್ "ನೋಡೋಣ" ಎನ್ನುತ್ತಾರೆ, ಅಷ್ಟೆ. ನಂತರ ಒಂದು ಸಂಜೆ "ಶನಿವಾರ ಗಮ್ ಶೀಲ್ಡ್ ತನ್ನಿ" (ಹಲ್ಲು ಕಾಯಲು ಬಾಯಲ್ಲಿಡುವ ಕವಚ) ಎಂದರೆ ಅದೇ ಆಹ್ವಾನ. ಅಲ್ಲಿಂದ ಆಚೆಗೆ ನಡೆಯುವುದೇ ಈ ಕ್ಲಬ್ಬಿನ ನಿಜವಾದ ಬೆಲೆ. ಮೊದಲ ಹಂತದಲ್ಲಿ ಇಬ್ಬರೂ ಜಾಬ್ ಮಾತ್ರ ಹೊಡೆಯಬಹುದು, ಅದೂ ಎದುರಿಗಿರುವವರ ಗ್ಲೌಸಿಗೆ ಅಥವಾ ಹಣೆಯ ಹೆಡ್‌ಗಾರ್ಡಿಗೆ ಮುಟ್ಟಿಸುವಷ್ಟು ಮಾತ್ರ. ಎರಡನೆಯ ಹಂತದಲ್ಲಿ ಒಬ್ಬರು ಹೊಡೆಯಬೇಕು, ಇನ್ನೊಬ್ಬರು ತಪ್ಪಿಸಿಕೊಳ್ಳಬೇಕು. ಗಂಟೆ ಬಾರಿಸಿದಾಗ ಪಾತ್ರ ಅದಲುಬದಲು. ಮೂರನೆಯದು ಬಾಡಿ ಸ್ಪಾರಿಂಗ್, ಎಂದರೆ ಭುಜದಿಂದ ಕೆಳಗೆ, ಸೊಂಟದಿಂದ ಮೇಲೆ ಮಾತ್ರ ಹೊಡೆತ. ಇವೆಲ್ಲ ಮುಗಿದ ಮೇಲೆಯೇ 16 ಔನ್ಸ್‌ನ ದಪ್ಪ ಗ್ಲೌಸ್ ತೊಡಿಸಿ ಪೂರ್ಣ ಸ್ಪಾರಿಂಗ್.

ಈ ಹಂತಗಳಲ್ಲಿ ಕೋಚ್ ಗಮನಿಸುವುದು ಹೊಡೆತದ ಜೋರನ್ನಲ್ಲ ಎಂಬುದು ನನಗೆ ಅರ್ಥವಾದದ್ದು ಬಾಡಿ ಸ್ಪಾರಿಂಗ್‌ನ ಒಂದು ಶನಿವಾರ. ನನಗಿಂತ ಹಳೆಯ ಸದಸ್ಯೆಯೊಬ್ಬರ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಹೊಡೆತ) ನನ್ನ ಬಲ ಪಕ್ಕೆಲುಬಿನ ಅಂಚಿಗೆ, ಯಕೃತ್ತಿನ ಜಾಗಕ್ಕೆ ಬಿತ್ತು. ಅಲ್ಲಿ ಬಿದ್ದ ಹೊಡೆತ ಆ ಕ್ಷಣಕ್ಕೆ ಏನೂ ಅನ್ನಿಸುವುದಿಲ್ಲ. ಒಂದು ಉಸಿರಿನ ನಂತರ ಕಾಲುಗಳು ತಾವಾಗಿ ಮಡಚಿಕೊಳ್ಳುತ್ತವೆ. ಕೋಚ್ ರಿಂಗಿನೊಳಗೆ ಬಂದು ಎಬ್ಬಿಸಲಿಲ್ಲ, ಹುರಿದುಂಬಿಸಲೂ ಇಲ್ಲ. ಹಗ್ಗದ ಆಚೆ ಕುಳಿತೇ, ಮೂಗಿನಿಂದ ಉಸಿರು ತೆಗೆದುಕೊಳ್ಳಲು ಹೇಳಿ, ಎದ್ದ ಮೇಲೆ ಅದೇ ಹುಕ್ ಅನ್ನು ಅರ್ಧ ವೇಗದಲ್ಲಿ ಮತ್ತೆ ಮತ್ತೆ ಹೊಡೆಸಿ, ನನ್ನ ಮೊಣಕೈ ಪ್ರತಿ ಬಾರಿಯೂ ಪಕ್ಕೆಗೆ ಇಳಿಯುವವರೆಗೆ ಮುಂದಿನ ಅಭ್ಯಾಸಕ್ಕೆ ಹೋಗಲು ಬಿಡಲಿಲ್ಲ. ಪೆಟ್ಟು ತಿಂದ ಮೇಲೆ ಸಿಟ್ಟಿಗೇಳುವವರು, ಕಣ್ಣು ಮುಚ್ಚುವವರು, ಬೆನ್ನು ತಿರುಗಿಸುವವರು ಎಲ್ಲರನ್ನೂ ಅವರು ಹಿಂದಿನ ಹಂತಕ್ಕೆ ಕಳಿಸುತ್ತಾರೆ. ಬ್ಯಾಗಿನ ಮೇಲೆ ಬಲು ಚೆನ್ನಾಗಿ ಕಾಣುವ ಹುಡುಗರು ಇಲ್ಲಿ ತಿಂಗಳುಗಟ್ಟಲೆ ಜಾಬ್ ಸ್ಪಾರಿಂಗ್‌ನಲ್ಲೇ ಉಳಿದದ್ದನ್ನು ನೋಡಿದ್ದೇನೆ. ಅವರಲ್ಲಿ ಕೆಲವರು ಕ್ಲಬ್ ಬಿಟ್ಟು ಬೇರೆ ಕಡೆ ನೇರವಾಗಿ ಪಂದ್ಯಕ್ಕೆ ಇಳಿದದ್ದೂ ಉಂಟು.

ಅಂದಹಾಗೆ, ಫಿಟ್‌ನೆಸ್ ಬ್ಯಾಚಿನಲ್ಲಿ ಇದೇ ಕೋಚ್ ನನ್ನನ್ನು "ಮೇಡಂ, ಸ್ವಲ್ಪ ಕೈ ಮೇಲಿಡಿ" ಎಂದು ತಿದ್ದುತ್ತಿದ್ದರು. ತಂಡಕ್ಕೆ ಬಂದ ವಾರವೇ ಅದು "ಗಾರ್ಡ್ ಎತ್ತಮ್ಮಾ, ನಿದ್ದೆ ಮಾಡ್ತಿದ್ದೀಯಾ" ಎಂದಾಯಿತು. ಬ್ಯಾಂಕಿನಲ್ಲಿ ದಿನವಿಡೀ ಮರ್ಯಾದೆಯ ಮಾತು ಕೇಳುವ ನನಗೆ ಇದರಿಂದ ಹಿತವೇ ಆಯಿತು, ಆದರೆ ಎಲ್ಲರಿಗೂ ಹಾಗಾಗಬೇಕಿಲ್ಲ.

ತಂಡದ ತರಬೇತಿಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಅಣಕು ಬೌಟ್‌ಗಳು. ಅಮೆಚೂರ್ ಬೌಟ್ ಎಂದರೆ ಮೂರು ನಿಮಿಷಗಳ ಮೂರು ಸುತ್ತು, ನಡುವೆ ಒಂದೊಂದು ನಿಮಿಷದ ವಿಶ್ರಾಂತಿ. ಐವರು ತೀರ್ಪುಗಾರರು ಪ್ರತಿ ಸುತ್ತಿನಲ್ಲೂ ಮೇಲುಗೈ ಸಾಧಿಸಿದವರಿಗೆ 10, ಇನ್ನೊಬ್ಬರಿಗೆ ಸಾಮಾನ್ಯವಾಗಿ 9, ಏಕಪಕ್ಷೀಯವಾಗಿದ್ದರೆ 8 ಅಥವಾ ಅದಕ್ಕಿಂತ ಕಡಿಮೆ ಅಂಕ ಕೊಡುತ್ತಾರೆ. ಹಿಂದೆ ಬಟನ್ ಒತ್ತಿ ಹೊಡೆತಗಳನ್ನು ಎಣಿಸುತ್ತಿದ್ದ ಪದ್ಧತಿ 2013ರ ಸುಮಾರಿಗೆ ಹೋಗಿ ಈ ಪದ್ಧತಿ ಬಂದಿತು. ನಿಯಮವನ್ನು ಓದಿ ತಿಳಿಯುವುದು ಸುಲಭ. ಈ ಕ್ಲಬ್ಬಿನಲ್ಲಿ ಮಾಡುವುದೇನೆಂದರೆ, ತಿಂಗಳಿಗೊಮ್ಮೆ ಐದು ಜನ ಸದಸ್ಯರನ್ನು ರಿಂಗಿನ ಸುತ್ತ ಬೇರೆ ಬೇರೆ ಕಡೆ ಕೂರಿಸಿ, ಕೈಗೊಂದು ಚೀಟಿ ಕೊಟ್ಟು, ಪ್ರತಿ ಸುತ್ತಿಗೂ ಅಂಕ ಬರೆಸುತ್ತಾರೆ. ಬೌಟ್ ಮುಗಿದ ಮೇಲೆ ಚೀಟಿಗಳನ್ನು ಗಟ್ಟಿಯಾಗಿ ಓದುತ್ತಾರೆ. ನನ್ನ ಬೆನ್ನ ಹಿಂದೆ ಕುಳಿತವರಿಗೆ ನನ್ನ ಒಳ್ಳೆಯ ಹೊಡೆತಗಳು ಕಂಡೇ ಇರಲಿಲ್ಲ. ಎದುರಾಳಿಯ ಗ್ಲೌಸಿಗೆ ಬಿದ್ದ ಹೊಡೆತಗಳಿಗೆ ಯಾರೂ ಬೆಲೆ ಕೊಟ್ಟಿರಲಿಲ್ಲ. ಸುತ್ತಿನ ಕೊನೆಯ ಅರ್ಧ ನಿಮಿಷದಲ್ಲಿ ನಾನು ಸುಮ್ಮನೆ ನಿಂತದ್ದು ಮಾತ್ರ ಐವರಿಗೂ ನೆನಪಿತ್ತು. ತೀರ್ಪುಗಾರರ ಕುರ್ಚಿಯಲ್ಲಿ ತಾವೂ ಒಮ್ಮೆ ಕುಳಿತವರು ನಂತರ ರಿಂಗಿನಲ್ಲಿ ಬೇರೆಯದೇ ರೀತಿಯಲ್ಲಿ ಆಡುತ್ತಾರೆ. ಇದಕ್ಕೆ ಯಾವ ಉಪಕರಣವೂ ಬೇಡ, ಆದರೂ ಬೇರೆ ಕ್ಲಬ್ಬುಗಳಲ್ಲಿ ನಾನು ಇದನ್ನು ಕಂಡಿಲ್ಲ.

ಇದರ ಜೊತೆಗೆ ಇನ್ನೊಂದು ಕ್ಲಬ್ಬಿನೊಂದಿಗೆ ಸೌಹಾರ್ದ ಬೌಟ್‌ಗಳನ್ನು ಏರ್ಪಡಿಸುತ್ತಾರೆ, ಫಲಿತಾಂಶ ಘೋಷಿಸದೆ. ಇಂಗ್ಲೆಂಡಿನಲ್ಲಿ ಕ್ಲಬ್ ಪ್ರದರ್ಶನಗಳಲ್ಲಿ ವಯಸ್ಸು, ತೂಕಗಳ ಜೊತೆಗೆ ಈವರೆಗೆ ಆಡಿದ ಬೌಟ್‌ಗಳ ಸಂಖ್ಯೆಯನ್ನೂ ನೋಡಿ ಜೋಡಿ ಮಾಡುವ ರೂಢಿಯಿದೆ. ನಮ್ಮಲ್ಲಿ ಹವ್ಯಾಸಕ್ಕೆ ಕಲಿತವರು ನೇರವಾಗಿ ಜಿಲ್ಲಾ ಅಥವಾ ರಾಜ್ಯ ಮಟ್ಟದ ನಾಕೌಟ್ ಪಂದ್ಯಾವಳಿಗೆ ಹೆಸರು ಕೊಟ್ಟರೆ, ಮೊದಲ ಸುತ್ತಿನಲ್ಲೇ ಚಿಕ್ಕ ವಯಸ್ಸಿನಿಂದ ಕ್ರೀಡಾ ಹಾಸ್ಟೆಲಿನಲ್ಲೋ ಸೇನೆಯ ಕ್ರೀಡಾ ತರಬೇತಿ ಘಟಕದಲ್ಲೋ ಬೆಳೆದವರು ಎದುರಾಗಬಹುದು. ಲಾಟರಿಯಲ್ಲಿ ಯಾರು ಬರುತ್ತಾರೋ ಅವರೇ ಎದುರಾಳಿ. ಈ ಕಂದಕಕ್ಕೆ ಸೌಹಾರ್ದ ಬೌಟ್‌ಗಳು ಒಂದು ಸಣ್ಣ ಸೇತುವೆ. ಅವು ಇನ್ನೂ ಹೆಚ್ಚಬೇಕು, ಮುಖ್ಯವಾಗಿ ಮಹಿಳೆಯರಿಗೆ. ತಂಡದಲ್ಲಿ ನನ್ನ ತೂಕದ ಆಸುಪಾಸಿನಲ್ಲಿ ಇರುವವರು ಒಬ್ಬರೇ. ಉಳಿದ ಸಮಯದಲ್ಲಿ ಹದಿನೈದು, ಹದಿನಾರರ ಹುಡುಗರೊಂದಿಗೆ ಸ್ಪಾರಿಂಗ್. ಹುಡುಗರು ಮೊದಲಿಗೆ ಹೊಡೆಯಲು ಹಿಂಜರಿಯುತ್ತಾರೆ, ತಾವು ಎರಡು ಪೆಟ್ಟು ತಿಂದ ಮೇಲೆ ಮಾನಕ್ಕಾಗಿ ಜೋರು ಮಾಡುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಕೋಚ್ ಅವರನ್ನು ತಡೆಯುತ್ತಾರೆಂಬುದು ನಿಜ, ಆದರೆ ಹಾಗೆ ತಡೆತಡೆದು ಆಡಿದ್ದು ಪಂದ್ಯದ ತಯಾರಿ ಆಗುವುದಿಲ್ಲ.

ತಲೆಯ ಪೆಟ್ಟಿನ ವಿಷಯದಲ್ಲಿ ಕ್ಲಬ್ ತೋರುವ ಬಿಗಿಯನ್ನು ಮನಸಾರೆ ಮೆಚ್ಚುತ್ತೇನೆ. ಸ್ಪಾರಿಂಗ್‌ನಲ್ಲಿ ಯಾರಿಗಾದರೂ ಕಣ್ಣು ಕತ್ತಲಿಟ್ಟರೆ, ನಂತರ ತಲೆನೋವೋ ವಾಂತಿಯೋ ಬಂದರೆ, ವೈದ್ಯರ ಚೀಟಿ ತರುವವರೆಗೆ ಅವರಿಗೆ ರಿಂಗ್ ಇಲ್ಲ, ಚೀಟಿ ತಂದರೂ ಒಂದು ತಿಂಗಳು ಕಾಯಬೇಕು. ತಲೆಗೆ ಬಿದ್ದ ಪೆಟ್ಟಿನಿಂದ ಬೌಟ್ ಸೋತವರನ್ನು ಕನಿಷ್ಠ 30 ದಿನ ಸ್ಪರ್ಧೆಯಿಂದಲೂ ಸ್ಪಾರಿಂಗ್‌ನಿಂದಲೂ ದೂರವಿಡುವ ಅಂತರರಾಷ್ಟ್ರೀಯ ನಿಯಮವನ್ನೇ ಇವರು ಅಭ್ಯಾಸಕ್ಕೂ ಅನ್ವಯಿಸುತ್ತಾರೆ. ಹೆಡ್‌ಗಾರ್ಡ್ ಹಾಕಿದ್ದೇವಲ್ಲ ಎಂಬ ಸಮಾಧಾನವನ್ನು ಅವರು ಒಪ್ಪುವುದಿಲ್ಲ, ಅದು ಸರಿಯೂ ಹೌದು. ಹೆಡ್‌ಗಾರ್ಡ್ ತಡೆಯುವುದು ಹುಬ್ಬು ಸೀಳುವುದನ್ನು, ತಲೆಯೊಳಗೆ ಮಿದುಳು ಅಲುಗುವುದನ್ನಲ್ಲ. ಹಿರಿಯರ, ಎಂದರೆ ವಯಸ್ಕರ, ವಿಭಾಗದ ಪುರುಷರ ಬೌಟ್‌ಗಳಲ್ಲಿ 2013ರಿಂದ ಹೆಡ್‌ಗಾರ್ಡ್ ಇಲ್ಲ, ಮಹಿಳೆಯರು ಈಗಲೂ ಧರಿಸುತ್ತಾರೆ.

ಇಷ್ಟು ವಿವೇಕವಿರುವ ಕ್ಲಬ್ಬು ತೂಕದ ವಿಷಯಕ್ಕೆ ಬಂದರೆ ಹಳೆಯ ಕಾಲಕ್ಕೆ ಜಾರಿಬಿಡುವುದು ಆಶ್ಚರ್ಯ. ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಬಾಕ್ಸಿಂಗ್‌ನ ಈಗಿನ ಪಟ್ಟಿಯಲ್ಲಿ ಮಹಿಳೆಯರ ವಿಭಾಗಗಳು 48, 51, 54, 57, 60 ಕಿಲೋ ಎಂದು ಮೂರು ಮೂರು ಕಿಲೋ ಅಂತರದಲ್ಲಿ ಏರಿ, ಅಲ್ಲಿಂದ ಮುಂದೆ 65, 70, 75, 80 ಎಂದು ಐದರ ಅಂತರದಲ್ಲಿ ಸಾಗಿ, 80ರ ಮೇಲಿನ ಮುಕ್ತ ವಿಭಾಗದಲ್ಲಿ ಕೊನೆಗೊಳ್ಳುತ್ತವೆ. ನನ್ನ ಸಹಜ ತೂಕ 57 ಮತ್ತು 60ರ ನಡುವೆ ಇರುತ್ತದೆ. ಪಂದ್ಯಕ್ಕೆ ಎರಡು ವಾರ ಇರುವಾಗ ಸಹಾಯಕ ಕೋಚ್, ಎತ್ತರ ಕಡಿಮೆಯೆಂಬ ಕಾರಣಕ್ಕೆ, 57ಕ್ಕೆ ಇಳಿಯಲು ಹೇಳಿದರು. ಹೇಗೆಂದು ಕೇಳಿದರೆ ಸಿಕ್ಕ ಉತ್ತರ, ರಾತ್ರಿ ಊಟ ಬಿಡುವುದು, ರೇನ್‌ಕೋಟಿನಂಥ ಬೆವರು ಸೂಟ್ ತೊಟ್ಟು ಓಡುವುದು, ಕೊನೆಯ ದಿನ ನೀರು ಕುಡಿಯದಿರುವುದು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕ ನೋಡುವುದು ಸಾಮಾನ್ಯವಾಗಿ ಹಿಂದಿನ ದಿನ. ಅಲ್ಲಿ ಕಳೆದ ನೀರನ್ನು ತುಂಬಿಕೊಳ್ಳಲು ಒಂದು ರಾತ್ರಿಯಾದರೂ ಇರುತ್ತದೆ. ಅಮೆಚೂರ್ ಪಂದ್ಯಾವಳಿಯಲ್ಲಿ ತೂಕ ನೋಡುವುದು ಬೌಟ್ ಇರುವ ದಿನದ ಬೆಳಿಗ್ಗೆ, ಮತ್ತು ಗೆದ್ದು ಮುಂದಿನ ಸುತ್ತಿಗೆ ಹೋದರೆ ಆ ದಿನ ಮತ್ತೊಮ್ಮೆ. ಹೀಗಿರುವಾಗ ಮೈಯ ನೀರು ಹಿಂಡಿ ರಿಂಗಿಗೆ ಇಳಿಯುವುದೆಂದರೆ ಒಣಗಿದ ಮೈಯಲ್ಲಿ ತಲೆಗೆ ಪೆಟ್ಟು ತಿನ್ನಲು ಹೋದಂತೆ. ನಾನು ಒಪ್ಪದೆ 60ರಲ್ಲೇ ಹೆಸರು ಕೊಟ್ಟೆ. ಮುಖ್ಯ ಕೋಚ್ ಆಕ್ಷೇಪಿಸಲಿಲ್ಲ, ಆದರೆ ಸಹಾಯಕರ ಸಲಹೆಯನ್ನು ತಿದ್ದಲೂ ಇಲ್ಲ. ಹೇಳಿದ್ದನ್ನೆಲ್ಲ ಮಾಡುವ ಹದಿನೇಳರ ಹುಡುಗ ಹುಡುಗಿಯರು ಅದೇ ತಂಡದಲ್ಲಿ ಇದ್ದಾರೆ ಎಂಬುದೇ ನನ್ನ ಚಿಂತೆ. ಈ ಒಂದು ಕಾರಣಕ್ಕೆ, ಮಕ್ಕಳನ್ನು ಇಲ್ಲಿಗೆ ಸೇರಿಸುವ ತಂದೆತಾಯಿಗಳು ಪಂದ್ಯದ ಹಿಂದಿನ ಎರಡು ವಾರ ಮನೆಯಲ್ಲಿ ಅವರ ಊಟ ನೀರಿನ ಮೇಲೆ ಕಣ್ಣಿಟ್ಟಿರಬೇಕೆಂದು ಹೇಳುತ್ತೇನೆ.

ಕಾಗದಪತ್ರಗಳ ಕಥೆಯೂ ಹೀಗೆಯೇ. ಜನನ ದಾಖಲೆ, ಆಧಾರ್, ಫೋಟೋ, ವೈದ್ಯಕೀಯ ಪ್ರಮಾಣಪತ್ರ, ಮಹಿಳೆಯರಾದರೆ ಗರ್ಭಿಣಿಯಲ್ಲವೆಂಬ ಘೋಷಣೆ, ಇವೆಲ್ಲ ಬೇಕೆಂಬುದು ಕ್ಲಬ್ಬಿಗೆ ಮೊದಲಿನಿಂದಲೂ ಗೊತ್ತು. ಆದರೂ ನಮಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ ಬಂದದ್ದು ಕೊನೆಯ ದಿನದ ಹಿಂದಿನ ರಾತ್ರಿ. ರಜೆ ಹಾಕಿ ವೈದ್ಯರನ್ನು ಹುಡುಕಿಕೊಂಡು ಹೋಗಬೇಕಾಯಿತು. ಸದಸ್ಯರಾಗುವಾಗಲೇ ಒಂದು ಹಾಳೆಯಲ್ಲಿ ಇದನ್ನು ಬರೆದು ಕೊಟ್ಟರೆ ಮುಗಿಯುವ ಕೆಲಸವಿದು. ಹಿರಿಯರ ವಿಭಾಗಕ್ಕೆ 19ರಿಂದ 40 ವಯಸ್ಸಿನ ಮಿತಿಯಿದೆ ಎಂಬುದನ್ನೂ ಯಾರೂ ಮೊದಲೇ ಹೇಳುವುದಿಲ್ಲ; ಹೀಗಾಗಿ ನಲವತ್ತೆರಡರ ಸದಸ್ಯರೊಬ್ಬರು ಬಹಳ ದಿನ ಆಸೆಯಿಂದ ತಯಾರಾಗಿ, ಕೊನೆಗೆ ಸೌಹಾರ್ದ ಬೌಟ್‌ಗಳಿಗೆ ತೃಪ್ತಿಪಟ್ಟುಕೊಂಡರು.

ಯಾವ ಪಂದ್ಯಾವಳಿಗೆ ಹೋಗಬೇಕೆಂಬ ಆಯ್ಕೆಯಲ್ಲಿ ಮಾತ್ರ ಕ್ಲಬ್ ಎಚ್ಚರವಾಗಿದೆ. "ರಾಷ್ಟ್ರೀಯ" ಎಂಬ ಪದವನ್ನು ಹೆಸರಿಗೆ ಅಂಟಿಸಿಕೊಂಡು, ದುಡ್ಡು ಕಟ್ಟಿದವರಿಗೆಲ್ಲ ಪದಕ ಕೊಡುವ ಖಾಸಗಿ ಪಂದ್ಯಗಳು ಎಲ್ಲ ಆಟಗಳಲ್ಲೂ ಇವೆ, ಬಾಕ್ಸಿಂಗ್ ಇದಕ್ಕೆ ಹೊರತಲ್ಲ. ಬಾಕ್ಸಿಂಗ್ ಫೆಡರೇಷನ್ ಆಫ್ ಇಂಡಿಯಾಕ್ಕೆ ಸೇರಿದ ರಾಜ್ಯ ಸಂಘದ ಮಾನ್ಯತೆ ಇಲ್ಲದ ಪಂದ್ಯಕ್ಕೆ ಇವರು ಯಾರನ್ನೂ ಕಳಿಸುವುದಿಲ್ಲ. 2023ರಲ್ಲಿ ಹುಟ್ಟಿದ ವರ್ಲ್ಡ್ ಬಾಕ್ಸಿಂಗ್‌ಗೆ ನಮ್ಮ ಫೆಡರೇಷನ್ 2024ರಲ್ಲಿ ಸೇರಿದೆ. 2025ರಲ್ಲಿ ಆ ಸಂಸ್ಥೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಾತ್ಕಾಲಿಕ ಮಾನ್ಯತೆ ಸಿಕ್ಕಿ, ಅನುಮಾನದಲ್ಲಿದ್ದ ಬಾಕ್ಸಿಂಗ್ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಮರಳಿತು. ಅದೇ ವರ್ಷ ಲಿವರ್‌ಪೂಲ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾಸ್ಮಿನ್ ಲಂಬೋರಿಯಾ 57 ಕಿಲೋ, ಮೀನಾಕ್ಷಿ ಹೂಡಾ 48 ಕಿಲೋ ವಿಭಾಗದಲ್ಲಿ ಚಿನ್ನ ಗೆದ್ದ ಮೇಲೆ ನಮ್ಮ ಕ್ಲಬ್ಬಿಗೂ ಹೊಸ ಹುಡುಗಿಯರು ಬಂದಿದ್ದಾರೆ. ಅವರಲ್ಲಿ ಎಷ್ಟು ಜನ ಟೇಪಿನ ಗುರುತುಗಳನ್ನು ದಾಟಿ ಉಳಿಯುತ್ತಾರೋ ನೋಡಬೇಕು.

ಪಂದ್ಯದ ದಿನದ ಸೇವೆಗೆ ಪೂರ್ಣ ಅಂಕ. ಅಲ್ಲಿ ಕಾಯುವುದೇ ಬಹುಪಾಲು ಕೆಲಸ: ಬೆಳಿಗ್ಗೆ ತೂಕ, ವೈದ್ಯರ ತಪಾಸಣೆ, ನಂತರ ಸಂಜೆಯವರೆಗೆ ಪ್ಲಾಸ್ಟಿಕ್ ಕುರ್ಚಿ. ಮುಖ್ಯ ಕೋಚ್ ತಾವೇ ಕುಳಿತು ಕೈಗೆ ಪಟ್ಟಿ ಸುತ್ತಿದರು, 4.5 ಮೀಟರ್ ಉದ್ದದ ಬಟ್ಟೆಯನ್ನು ಮಣಿಕಟ್ಟಿಗೆ ಮೂರು ಸುತ್ತು, ಬೆರಳ ಗೆಣ್ಣುಗಳ ಮೇಲೆ ಅಡ್ಡಡ್ಡ, ಹೆಬ್ಬೆರಳಿಗೆ ಒಂದು ಬಳಸು, ಎಲ್ಲೂ ಮಡಿಕೆ ಬೀಳದಂತೆ, ಮಾತಿಲ್ಲದೆ. ಸುತ್ತಿ ಮುಗಿಸಿದ ಮೇಲೆ ಮುಷ್ಟಿ ಕಟ್ಟಿಸಿ, ಬಿಡಿಸಿ, ಉಗುರು ಒತ್ತಿ ರಕ್ತ ಮರಳುತ್ತದೆಯೇ ಎಂದು ನೋಡಿದರು. ಸುತ್ತುಗಳ ನಡುವಿನ ಒಂದು ನಿಮಿಷದಲ್ಲಿ ಮೊದಲ ಅರ್ಧ ಅವರು ಬಾಯಿಯೇ ತೆರೆಯಲಿಲ್ಲ, ನೀರು ಮತ್ತು ಉಸಿರು ಮಾತ್ರ. ಉಳಿದ ಅರ್ಧದಲ್ಲಿ ಒಂದೇ ಸೂಚನೆ, ಎದುರಾಳಿ ಜಾಬ್ ಹೊಡೆದು ಕೈಯನ್ನು ಕೆಳಗಿನಿಂದ ಹಿಂದಕ್ಕೆ ತರುತ್ತಿದ್ದಾಳೆ, ಆ ಜಾಗಕ್ಕೆ ಬಲಗೈ ಹಾಕು ಎಂದು. ಪಕ್ಕದ ಮೂಲೆಗಳಲ್ಲಿ ಮೂವರು ಸೇರಿ ಒಟ್ಟಿಗೆ ಕೂಗುತ್ತಿದ್ದುದನ್ನು ನೋಡಿದ ಮೇಲೆ ಇದರ ಬೆಲೆ ತಿಳಿಯಿತು. ಬೌಟ್ 4-1ರಲ್ಲಿ ಸೋತೆ, ಎಂದರೆ ಐವರು ತೀರ್ಪುಗಾರರಲ್ಲಿ ನಾಲ್ವರು ಎದುರಾಳಿಯ ಕಡೆ. ಎರಡನೆಯ ಸುತ್ತು ಆ ಬಲಗೈಯಿಂದಲೇ ನನ್ನದಾಗಿತ್ತು. ಮೂರನೆಯದರಲ್ಲಿ ಅವಳು ಆ ಕೈಯನ್ನು ಮೇಲಿನಿಂದ ತರಲು ಆರಂಭಿಸಿದ್ದಳು, ನನಗೆ ಬೇರೆ ಉಪಾಯ ಇರಲಿಲ್ಲ. ಮರುವಾರದ ಅಭ್ಯಾಸ ಅಲ್ಲಿಂದಲೇ ಶುರುವಾಯಿತು.

ಖರ್ಚಿನ ಲೆಕ್ಕ: ಫಿಟ್‌ನೆಸ್ ಬ್ಯಾಚಿಗೆ ತಿಂಗಳಿಗೆ ಮೂರು ಸಾವಿರದ ಆಸುಪಾಸು, ಸ್ಪರ್ಧಾ ತಂಡಕ್ಕೆ ಹೆಚ್ಚುವರಿ ಶುಲ್ಕವಿಲ್ಲ, ಪ್ರಯಾಣ ಮತ್ತು ನೋಂದಣಿ ನಮ್ಮದು. ಕ್ಲಬ್ಬಿನ ಗ್ಲೌಸ್‌ಗಳ ವಾಸನೆಯನ್ನು ವರ್ಣಿಸುವ ಅಗತ್ಯವಿಲ್ಲ, ಸ್ವಂತದ್ದು ಕೊಳ್ಳುವುದು ಅನಿವಾರ್ಯ. ಮೀರತ್ ಮತ್ತು ಜಲಂಧರ್‌ನಲ್ಲಿ ತಯಾರಾಗುವ ಗ್ಲೌಸ್‌ಗಳು ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ಪಂದ್ಯದ ಗ್ಲೌಸ್ ಅನ್ನು, ತೂಕ ವಿಭಾಗಕ್ಕೆ ತಕ್ಕಂತೆ 10 ಅಥವಾ 12 ಔನ್ಸ್‌ನದನ್ನು, ಅಲ್ಲಿ ಸಂಘಟಕರೇ ಕೊಡುತ್ತಾರೆ. ಹಣ ಉಳಿಸಬಾರದ ಒಂದೇ ವಸ್ತು ಗಮ್ ಶೀಲ್ಡ್. ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಅಗ್ಗದವು ಮೂರನೆಯ ಸುತ್ತಿನಲ್ಲಿ ಬಾಯಿ ತೆರೆದ ಕೂಡಲೇ ಜಾರುತ್ತವೆ. ದಂತವೈದ್ಯರಲ್ಲಿ ಅಚ್ಚು ತೆಗೆಸಿ ಮಾಡಿಸಿಕೊಳ್ಳಿ, ಕೆಂಪು ಬಣ್ಣ ಬೇಡ. ಬಾಯಲ್ಲಿ ರಕ್ತ ಬಂದರೆ ಕಾಣಿಸಬೇಕೆಂದು ನಿಯಮವೇ ಅದನ್ನು ಒಪ್ಪುವುದಿಲ್ಲ.

ಸೇರುವ ಯೋಚನೆ ಇದ್ದವರು ಮೊದಲು ಶನಿವಾರ ಸಂಜೆ ಹೋಗಿ ಸ್ಪಾರಿಂಗ್ ನೋಡಬಹುದು. ದುಡ್ಡು ಕೇಳುವುದಿಲ್ಲ, ಕುರ್ಚಿ ಕೊಡುತ್ತಾರೆ. ಒಂದು ಗಂಟೆ ಕುಳಿತು, ಜೋರು ಹೊಡೆದವರನ್ನು ಕೋಚ್ ಹೊಗಳುತ್ತಾರೋ ಹೊರಗೆ ಕರೆಯುತ್ತಾರೋ ಗಮನಿಸಿ. ಬೇರೆ ಕ್ಲಬ್ಬುಗಳಲ್ಲೂ ಹೀಗೆ ನೋಡಲು ಬಿಡುತ್ತಾರೆಯೇ ಎಂದು ಕೇಳಿ, ಬಿಡದಿದ್ದರೆ ಅಲ್ಲಿ ಸೇರಬೇಡಿ.